ಸಂಜೆ ಐದರ ಫೋನು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು 32 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಾನು ಕೆಲಸಕ್ಕೆ ಸೇರಿದಾಗ ನಮ್ಮನ್ನು ಸ್ಟಾಫ್ ನರ್ಸ್ ಅನ್ನುತ್ತಿದ್ದರು. ಈಗ ನರ್ಸಿಂಗ್ ಆಫೀಸರ್ ಅನ್ನುತ್ತಾರೆ. ರೋಗಿಗಳಿಗೆ ಮಾತ್ರ ಆಗಲೂ ಸಿಸ್ಟರ್, ಈಗಲೂ ಸಿಸ್ಟರ್. ಇವತ್ತು ಒಂದು ಫೋನಿನ ವಿಷಯ ಹೇಳುತ್ತೇನೆ.

ನೈಟ್ ಡ್ಯೂಟಿ ರಾತ್ರಿ 8ಕ್ಕೆ ಶುರು. ಬೆಳಿಗ್ಗೆಯಿಂದ ಮೈ ಬಿಸಿ, ಗಂಟಲು ನೋವು. ಮಾತ್ರೆ ನುಂಗಿ ಮಲಗಿದ್ದಾಯಿತು, ಸಂಜೆ 5ಕ್ಕೆ ಎದ್ದಾಗಲೂ ಜ್ವರ ಇಳಿದಿಲ್ಲ. ಈಗ ಇನ್‌ಚಾರ್ಜ್ ಸಿಸ್ಟರ್‌ಗೆ ಫೋನ್ ಮಾಡಬೇಕು. ಅರ್ಧ ಗಂಟೆ ಫೋನಿನ ಮುಂದೆ ಸುಮ್ನೆ ಕೂತಿದ್ದೇನೆ, ಏನೋ ಕದ್ದವಳ ಹಾಗೆ. ಆ ಕಡೆಯಿಂದ ಏನು ಉತ್ತರ ಬರುತ್ತೆ ಅಂತ ಮೊದಲೇ ಗೊತ್ತು. “ನೀನು ಬರದಿದ್ರೆ ಯಾರನ್ನಮ್ಮ ಹಾಕಲಿ?”

ಅದು ಬೈಗುಳ ಅಲ್ಲ. ನಿಜವಾಗಿಯೂ ಯಾರೂ ಇರುತ್ತಿರಲಿಲ್ಲ. ನಾನು ಹೋಗದಿದ್ದರೆ ಮಧ್ಯಾಹ್ನ 2ಕ್ಕೆ ಬಂದವಳೇ ಮರುದಿನ ಬೆಳಿಗ್ಗೆ 8ರ ತನಕ ಉಳಿಯಬೇಕು. ಒಟ್ಟು 18 ಗಂಟೆ. ಅವಳಿಗೆ ಮನೆಯಲ್ಲಿ ಹಾಲು ಕುಡಿಯುವ ಮಗು. ಇನ್ನೇನು ಮಾಡುವುದು, ಇನ್ನೊಂದು ಮಾತ್ರೆ ನುಂಗಿ ಬಸ್ಸು ಹತ್ತುತ್ತಿದ್ದೆ.

ಹಾಗೆ ಹೋದ ಒಂದು ರಾತ್ರಿಯನ್ನು ನಾನು ಮರೆತಿಲ್ಲ. ಸುಮಾರು 18 ವರ್ಷದ ಹಿಂದಿನ ಮಾತು. ಮೆಡಿಕಲ್ ವಾರ್ಡು. 38 ಹಾಸಿಗೆ, ಅದರ ಮೇಲೆ ನೆಲದಲ್ಲಿ ಆರು ಜನ. ನಾವು ಇಬ್ಬರು ಸಿಸ್ಟರ್. ನನಗೆ 101 ಡಿಗ್ರಿ ಜ್ವರ. ಬೆಳಿಗ್ಗೆ 6 ಗಂಟೆ ಹೊತ್ತಿಗೆ ಸಕ್ಕರೆ ಕಾಯಿಲೆಯವರಿಗೆಲ್ಲ ಇನ್ಸುಲಿನ್ ಕೊಡಬೇಕು. ನಮ್ಮ ಆಸ್ಪತ್ರೆಯ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಹೊರಗಿನಿಂದ ತರುವ ಕೆಲವು ಬಾಟಲಿಗಳಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಇದು ಯಾವ ಹೊಸ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ.

ಆವತ್ತು ಒಬ್ಬ ಅಜ್ಜ ಮನೆಯಿಂದಲೇ ತಮ್ಮ ಬಾಟಲಿ ತಂದಿದ್ದರು, 100ರದ್ದು. ಕೇಸ್ ಶೀಟಿನಲ್ಲಿ 20 ಯೂನಿಟ್ ಅಂತ ಬರೆದಿತ್ತು. ನಾನು ಕೆಂಪು ಮುಚ್ಚಳದ ಸಿರಿಂಜು ತೆಗೆದು 20ರ ಗೆರೆಗೆ ಎಳೆದುಕೊಂಡೆ. ಅದರಲ್ಲಿ 20ರ ಗೆರೆ ಅಂದರೆ ಅರ್ಧ ಎಂ.ಎಲ್. ಅಂದರೆ ಸಿರಿಂಜಿನ ಒಳಗೆ ಇದ್ದದ್ದು 50 ಯೂನಿಟ್. ಹತ್ತಿ ಒರೆಸಿ ಅಜ್ಜನ ಹೊಟ್ಟೆಯ ಚರ್ಮ ಹಿಡಿದಿದ್ದೆ. ಅಷ್ಟರಲ್ಲಿ ಅಜ್ಜಿ ಮೆಲ್ಲಗೆ, “ಸಿಸ್ಟರಮ್ಮ, ನಮ್ಮನೇಲಿ ಕಿತ್ತಳೆ ಬಣ್ಣದ್ದರಲ್ಲಿ ಕೊಡ್ತೀವಿ ಕಣವ್ವ” ಅಂದರು.

ಕೈ ಅಲ್ಲೇ ನಿಂತಿತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದ್ದರು, ಅಷ್ಟೇ.

ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅಂತಾರಲ್ಲ, ನನ್ನ ಕಥೆ ಅದೇ. ಗೊತ್ತಿಲ್ಲದೆ ಮಾಡಿದ್ದಲ್ಲ. ಗೊತ್ತಿದ್ದದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಆಮೇಲೆ ಓದಿದೆ: 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ನಿದ್ದೆಗೆಟ್ಟವರನ್ನೂ ಕುಡಿದವರನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರಂತೆ. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, 100 ಎಂ.ಎಲ್. ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವ ಹಾಗಿಲ್ಲ. ಪೊಲೀಸರು ಊದಿಸಿ ದಂಡ ಹಾಕುತ್ತಾರೆ. ಡಬಲ್ ಡ್ಯೂಟಿಯ ಸಿಸ್ಟರ್‌ಗೆ ಮಾತ್ರ ನಾವು ಸೂಜಿ ಕೊಟ್ಟು ಕಳಿಸುತ್ತೇವೆ.

ನೈಟ್ ಮುಗಿಸಿ ಮನೆಗೆ ಹೋದ ಮೇಲೆ ಮಲಗಬಹುದಲ್ಲ ಅಂತ ಕೇಳುತ್ತಾರೆ. ಮಲಗಿ ನೋಡಿ ಗೊತ್ತಾಗುತ್ತೆ. ಒಂಬತ್ತಕ್ಕೆ ಪಕ್ಕದ ಮನೆ ಮಿಕ್ಸಿ. ಹತ್ತಕ್ಕೆ ತರಕಾರಿ ಗಾಡಿ. ಹನ್ನೊಂದಕ್ಕೆ ಕುಕ್ಕರ್ ಸೀಟಿ. ಮಧ್ಯೆ ಯಾರೋ ನೆಂಟರು ಬಂದು, “ಇದೇನು, ಇಷ್ಟೊತ್ತಾದ್ರೂ ಎದ್ದಿಲ್ವಾ?” ಇದೆಲ್ಲ ಇಲ್ಲದಿದ್ದರೂ ಮೈಯೊಳಗೆ ಒಂದು ಗಡಿಯಾರ ಇದೆ. ಅದು ಹೇಗೆ ಓಡುತ್ತೆ ಅಂತ ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ಬಿಸಿಲು ಕಂಡರೆ ಅದು ಏಳು ಅನ್ನುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಮಲಗು ಅನ್ನುತ್ತದೆ. ನಮ್ಮ ಡ್ಯೂಟಿ ಲಿಸ್ಟನ್ನು ಅದು ಓದುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿಯೇ ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎನ್ನುವ ಪಟ್ಟಿಗೆ ಸೇರಿಸಿದೆ. 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಉಳಿಸಿತು.

ಪಿ.ಜಿ. ಡಾಕ್ಟರುಗಳು, ಅಂದರೆ ಎಂ.ಬಿ.ಬಿ.ಎಸ್. ಮುಗಿಸಿ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಮುಂದೆ ಓದುವ ರೆಸಿಡೆಂಟ್ ಡಾಕ್ಟರುಗಳು. ಅವರ ಪಾಡು ನಮಗಿಂತ ಕಷ್ಟ. ಇದನ್ನು ನರ್ಸ್ ಆಗಿ ನಾನು ಹೇಳುತ್ತಿದ್ದೇನೆ, ಅವರ ಮೇಲೆ ನಮಗೆ ಬೇಕಾದಷ್ಟು ದೂರಿದ್ದರೂ! ರೆಸಿಡೆಂಟ್ ಡಾಕ್ಟರುಗಳಿಗೆ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಿ ಸತತ ಡ್ಯೂಟಿ ಹಾಕಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲಿಯೇ ಹೇಳಿದೆ. ಆದರೂ 24 ಗಂಟೆ, 36 ಗಂಟೆ ನಿಂತ ಮಕ್ಕಳನ್ನು ನಾನು ನೋಡಿದ್ದೇನೆ. ಡ್ರಿಪ್ ಸ್ಟ್ಯಾಂಡಿಗೆ ಒರಗಿ ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಒಬ್ಬ ಪಿ.ಜಿ. ಡಾಕ್ಟರ್ ಹುಡುಗಿಯ ಮೇಲೆ ಅತ್ಯಾಚಾರ, ಕೊಲೆ ಆದದ್ದು ನಿಮಗೆಲ್ಲ ಗೊತ್ತು. ಆ ಹೆಣ್ಣುಮಗಳು 36 ಗಂಟೆಯ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದಳು ಅಂತ ಪತ್ರಿಕೆಗಳಲ್ಲಿ ಬಂತು. ಮಲಗೋಕೆ ಒಂದು ಕೋಣೆ, ಅದಕ್ಕೊಂದು ಚಿಲಕ. ಅದನ್ನು ಕೇಳೋಕೆ ದೇಶ ಬೀದಿಗೆ ಇಳಿಯಬೇಕಾಯಿತು.

ಇನ್ನು ರಜೆಯ ಮಾತು. ಕಾಗದದಲ್ಲಿ ರಜೆಗೆ ಬರ ಇಲ್ಲ. ಕಾಯಂ ನೌಕರರಿಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮಾ ಆಗುತ್ತದೆ. ವೈದ್ಯರ ಸರ್ಟಿಫಿಕೇಟ್ ಕೊಟ್ಟು ಪೂರ್ತಿ ಸಂಬಳದ ಪರಿವರ್ತಿತ ರಜೆ ಪಡೆಯಬಹುದು. ಒಂದು ದಿನ ತಗೊಂಡರೆ ಲೆಕ್ಕದಲ್ಲಿ ಎರಡು ದಿನ ಕಳೆಯುತ್ತಾರೆ, ಇರಲಿ. ಗುತ್ತಿಗೆ ಮೇಲೆ ಬಂದ ಆಯಾಗಳ ಕಥೆ ಬೇರೆ. ತಿಂಗಳ ಸಂಬಳ 21,000 ರೂಪಾಯಿಗಿಂತ ಕಡಿಮೆ, ಹಾಗಾಗಿ ಇ.ಎಸ್.ಐ., ಅಂದರೆ ಕಾರ್ಮಿಕರ ವಿಮೆಯ ಹಣ, ಹಿಡಿಯುತ್ತಾರೆ. ಕಾಯಿಲೆಯಾದರೆ ವರ್ಷಕ್ಕೆ 91 ದಿನದ ತನಕ ಕೂಲಿಯ ಶೇಕಡಾ 70 ಕೊಡುತ್ತಾರೆ. ಒಳ್ಳೆಯದೇ. ಆದರೆ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಮಾಮೂಲಿ ಜ್ವರ ಎಷ್ಟು ದಿನ ಇರುತ್ತೆ ಹೇಳಿ? ನಮ್ಮ ವಾರ್ಡಿನ ಆಯಾ ಒಬ್ಬಳು, “ಅಕ್ಕಾ, ನನ್ನ ಜ್ವರಕ್ಕೆ ಅವರ ಲೆಕ್ಕ ಗೊತ್ತಾಗಲ್ವಲ್ಲ” ಅಂದು ನಗುತ್ತಾ ನೆಲ ಒರೆಸುತ್ತಿದ್ದಳು. ಹತ್ತಿರ ಹೋದರೆ ಮೈ ಕಾವು ತಾಗುತ್ತಿತ್ತು. ಆಚೆ ಹಾಸಿಗೆಯಲ್ಲಿ ಕ್ಯಾನ್ಸರಿಗೆ ಕೀಮೋ ತಗೊಂಡ ರೋಗಿ, ಬೇರೆಯವರ ಸೋಂಕು ಬೇಗ ತಗಲುವ ಮೈ.

ಕೊನೆಯ ಆರು ವರ್ಷ ನಾನೇ ಇನ್‌ಚಾರ್ಜ್ ಆಗಿದ್ದೆ. ಡ್ಯೂಟಿ ಲಿಸ್ಟನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ. ತಿಂಗಳ ಕೊನೆಗೆ ಆ ಹಾಳೆ ರಬ್ಬರ್ ಉಜ್ಜಿ ಉಜ್ಜಿ ತೂತು ಬೀಳುತ್ತಿತ್ತು. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಲೆಕ್ಕದ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಾದರೆ ಮೂರಕ್ಕೆ ಒಬ್ಬರು. ಅದರ ಮೇಲೆ ಶೇಕಡಾ 30ರಷ್ಟು ಜನ ರಜೆಗೆ ಅಂತಲೇ ಹೆಚ್ಚುವರಿ ಇರಬೇಕು. ಹತ್ತು ಜನ ಬೇಕಾದ ಕಡೆ ಹದಿಮೂರು. ಆ ಮೂರು ಜನರನ್ನು ನಾನು ನನ್ನ ಸರ್ವಿಸ್ಸಿನಲ್ಲಿ ಕಣ್ಣಿಂದ ನೋಡಲಿಲ್ಲ. ಹತ್ತೇ ಪೂರ್ತಿ ಇರುತ್ತಿರಲಿಲ್ಲ. ನನ್ನ ದೂರು ಇಷ್ಟೇ. ರಜೆ ಮಂಜೂರು ಮಾಡೋಕೆ ಸಹಿ ಸಾಲದು, ರಿಲೀವರ್ ಬೇಕು, ಅಂದರೆ ಬದಲಿಗೆ ನಿಲ್ಲುವ ಜನ. ಅದಿಲ್ಲದೆ ಹೋದರೆ ಒಬ್ಬಳ ಜ್ವರದ ಬಿಲ್ಲು ಇನ್ನೊಬ್ಬಳ ನಿದ್ದೆಯ ಮೇಲೆ ಬೀಳುತ್ತದೆ.

ಸಂಜೆ ಐದಕ್ಕೆ ನನಗೂ ಫೋನ್ ಬರುತ್ತಿತ್ತು. “ಮೇಡಂ, ತುಂಬಾ ಜ್ವರ” ಅಂತ ಆ ಕಡೆಯಿಂದ ಸಣ್ಣ ದನಿ. ನಾನು ಏನಂದೆ ಅಂತೀರಿ? “ನೀನು ಬರದಿದ್ರೆ ಯಾರನ್ನಮ್ಮ ಹಾಕಲಿ?” ಅದೇ ಮಾತು, ಅದೇ ರಾಗ. ಫೋನ್ ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಿದ್ದೇನೆ. ಎರಡು ಮೂರು ಸಲ ಅವರ ಬದಲಿಗೆ ನಾನೇ ಹೋಗಿ ನೈಟ್ ಮಾಡಿದೆ. ಎಲ್ಲ ಸಲ ಹೋಗಲಿಲ್ಲ.

ಮೊನ್ನೆ ಸಂಜೆ ಒಬ್ಬಳು ಫೋನ್ ಮಾಡಿದ್ದಳು. ನನ್ನ ಕೈಕೆಳಗೆ ಕೆಲಸ ಕಲಿತವಳು, ಈಗ ಅವಳೇ ಇನ್‌ಚಾರ್ಜ್. ಕ್ಷೇಮ ಸಮಾಚಾರ ಎಲ್ಲ ಆಯಿತು. ಆಮೇಲೆ ಸ್ವಲ್ಪ ತಡೆದು, “ಮೇಡಂ, ಇಬ್ಬರಿಗೆ ಡೆಂಗಿ. ನಿಮಗೆ ಗೊತ್ತಿರೋ ರಿಟೈರ್ಡ್ ಸಿಸ್ಟರ್ ಯಾರಾದ್ರೂ ಸಿಗ್ತಾರಾ? ಎರಡೇ ಎರಡು ನೈಟು” ಅಂದಳು.

ನನಗೀಗ 63. ಒಂದು ಗಳಿಗೆ ಯೋಚನೆ ಮಾಡಿದೆ, ಸುಳ್ಳು ಯಾಕೆ ಹೇಳಲಿ.

ನಮಸ್ಕಾರ.