ಫೋಗೊ ಬೆಟ್ಟದಲ್ಲಿ ಕಳಚಿದ ಅಟ್ಟೆ

ವೀಕ್ಷಕರೇ, ಕಣದಲ್ಲಿ ಸುರಿದ ರಾಗಿಯ ರಾಶಿಯಂತೆ ಕಾಣುತ್ತಿರುವ ಈ ಕಪ್ಪು ಬೆಟ್ಟದ ಹೆಸರು ಪಿಕೊ ದೊ ಫೋಗೊ. ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಕಾಬೊ ವೆರ್ದೆ ಎಂಬ ದ್ವೀಪರಾಷ್ಟ್ರದ ಅತ್ಯಂತ ಎತ್ತರದ ಶಿಖರವಿದು. ಎತ್ತರ 2,829 ಮೀಟರ್. ಪೋರ್ಚುಗೀಸ್ ಭಾಷೆಯಲ್ಲಿ ಫೋಗೊ ಎಂದರೆ ಬೆಂಕಿ. ಬೆಟ್ಟದಲ್ಲಿ ನಾನು ಆಡಿದ ಮಾತುಗಳನ್ನೆಲ್ಲ ಗಾಳಿ ನುಂಗಿಹಾಕಿರುವುದರಿಂದ, ಚಿತ್ರದುರ್ಗದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಕುಳಿತು ಈ ನಿರೂಪಣೆಯನ್ನು ಧ್ವನಿಮುದ್ರಿಸುತ್ತಿದ್ದೇನೆ. ನಡುವೆ ಸೀಟಿ ಕೇಳಿಸಿದರೆ ಅದು ಅವ್ವನ ಕುಕ್ಕರಿನದು, ಜ್ವಾಲಾಮುಖಿಯದಲ್ಲ.

ನಾವು ನಡೆಯುತ್ತಿರುವ ಈ ಬಯಲನ್ನು ಶಾ ದಸ್ ಕಾಲ್ದೇರಸ್ ಎನ್ನುತ್ತಾರೆ. ಹಿಂದಿದ್ದ ಇನ್ನೂ ದೊಡ್ಡ ಜ್ವಾಲಾಮುಖಿಯೊಂದು ಕುಸಿದು ಉಳಿದ, ಸುಮಾರು ಒಂಬತ್ತು ಕಿಲೋಮೀಟರ್ ಅಗಲದ ಬಾಣಲೆಯಿದು. ಪಶ್ಚಿಮಕ್ಕೆ ನಿಂತಿರುವ ಬೋರ್ದೇರ ಎಂಬ ಕಡಿದಾದ ಬಂಡೆಗೋಡೆ ಕೆಲವೆಡೆ ಒಂದು ಕಿಲೋಮೀಟರಿನಷ್ಟು ಎತ್ತರವಿದೆ. ಏಳು ಸುತ್ತಿನ ಕೋಟೆಯ ಊರಿನವನಾದ ನಾನು ಯಾವ ಗೋಡೆಗೂ ಸುಲಭವಾಗಿ ಬೆರಗಾಗುವವನಲ್ಲ, ಆದರೆ ಇದರ ಮುಂದೆ ಸುಮ್ಮನಾದೆ. ಪೂರ್ವಕ್ಕೆ ಮಾತ್ರ ಗೋಡೆಯಿಲ್ಲ. ಆ ಮಗ್ಗುಲು ಸುಮಾರು 73,000 ವರ್ಷಗಳ ಹಿಂದೆ ಸಮುದ್ರಕ್ಕೆ ಜಾರಿಬಿದ್ದಿತೆಂದೂ, ಆಗ ಎದ್ದ ಅಲೆಯು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸಾಂತಿಯಾಗೊ ದ್ವೀಪದಲ್ಲಿ ಹೆಬ್ಬಂಡೆಗಳನ್ನು ಸುಮಾರು 200 ಮೀಟರ್ ಎತ್ತರಕ್ಕೆ ಹೊತ್ತೊಯ್ದು ಇಟ್ಟಿತೆಂದೂ ಭೂವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ್ದಾರೆ. ದುರ್ಗದ ಬಂಡೆಗಳನ್ನು ಯಾವ ಅಲೆಯೂ ತಂದಿಡಲಿಲ್ಲ. ಅವು ಹುಟ್ಟಿದ ಜಾಗದಲ್ಲಿಯೇ ಬಿಸಿಲು ಮಳೆಗಳಿಗೆ ಸವೆದು ದುಂಡಗಾದವು.

ರಸ್ತೆಯ ಎರಡೂ ಬದಿಗೆ ಉತ್ತು ಬಿಟ್ಟ ಎರೆಹೊಲದಂತೆ ಕಾಣುವುದು ಮಣ್ಣಲ್ಲ, ಲಾವಾ. 2014ರ ನವೆಂಬರ್ 23ರಂದು ಆರಂಭವಾದ ಸ್ಫೋಟವು ಮರುವರ್ಷದ ಫೆಬ್ರವರಿಯವರೆಗೂ ನಡೆದು, ಪೋರ್ತೆಲಾ ಮತ್ತು ಬಂಗಯೇರಾ ಎಂಬ ಎರಡು ಊರುಗಳನ್ನು ಬಹುಪಾಲು ಮುಚ್ಚಿಹಾಕಿತು. ಲಾವಾ ನಿಧಾನವಾಗಿ ಹರಿದು ಬಂದುದರಿಂದ ಜನರು ಕಿಟಕಿ ಬಾಗಿಲುಗಳನ್ನು ಸಹ ಕಿತ್ತು ಸಾಗಿಸಿ ಜೀವ ಉಳಿಸಿಕೊಂಡರು. ಅನಂತರ ಅದೇ ಲಾವಾದ ಮೇಲೆ ಮತ್ತೆ ಮನೆ ಕಟ್ಟಿಕೊಂಡರು. ಇದು ಹುಚ್ಚುತನವೆಂದು ನನ್ನೊಂದಿಗಿದ್ದ ದಾವಣಗೆರೆಯ ಗೆಳೆಯನಿಗೆ ಹೇಳಿದೆ. ಸ್ವಲ್ಪ ದೂರದಲ್ಲಿಯೇ ಕಪ್ಪು ಹರಳಿನ ನಡುವೆ ಚಪ್ಪರವಿಲ್ಲದೆ ನೆಲದಲ್ಲಿ ಹರಡಿದ್ದ ದ್ರಾಕ್ಷಿ ಬಳ್ಳಿಗಳು ಕಾಣಿಸಿದವು. ಮೇಲಿನ ಹರಳು ಹೊದಿಕೆಯಂತೆ ನಿಂತು ಕೆಳಗಿನ ತೇವವನ್ನು ಆರಗೊಡುವುದಿಲ್ಲ. ಮಳೆ ಅಪರೂಪವಾದ ಈ ದ್ವೀಪದಲ್ಲಿ ಬೇಸಾಯ ನಡೆಯುವುದು ಅದರಿಂದಲೇ. ಮಳೆಯನ್ನು ನಂಬಿ ಶೇಂಗಾ ಬಿತ್ತಿ, ಆಕಾಶ ನೋಡುತ್ತ ಕೂರುವ ಚಳ್ಳಕೆರೆಯ ಸೀಮೆಯವರನ್ನು ನಾನು ಎಂದೂ ಹುಚ್ಚರೆಂದು ಕರೆದಿಲ್ಲವಾದ್ದರಿಂದ, ಮೊದಲು ಆಡಿದ ಮಾತನ್ನು ಇಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಈಗ ಏರು ಆರಂಭವಾಗಿದೆ. ಇಬ್ಬರಿಗೂ ಸೇರಿ ಮಾರ್ಗದರ್ಶಿಗೆ 5,000 ಎಸ್ಕುಡೊ ಕೊಟ್ಟೆವು. ಒಂದು ಯೂರೋಗೆ 110.265 ಎಸ್ಕುಡೊ ಎಂಬುದು ಅಲ್ಲಿನ ನಿಗದಿತ ದರವಾದ್ದರಿಂದ, ಇದು ನಮ್ಮ ನಾಲ್ಕು ಸಾವಿರ ರೂಪಾಯಿಗೂ ಮೇಲಾಯಿತು. ಕಣ್ಣೆದುರಿಗೇ ಕಾಣುವ ಬೆಟ್ಟಕ್ಕೆ, ಜೋಗಿಮಟ್ಟಿಯನ್ನು ಹತ್ತಿ ಬೆಳೆದವನಿಗೆ, ದಾರಿ ತೋರಿಸುವವರು ಏಕೆ ಬೇಕೆಂದು ನಾನು ಗೊಣಗಿದ್ದು ನಿಜ.

ಗೊಣಗಾಟ ನಿಲ್ಲಿಸಿದ್ದು ಈ ದೃಶ್ಯ. ದಯವಿಟ್ಟು ನನ್ನ ಬಲಗಾಲನ್ನು ನೋಡಿರಿ. ಅರ್ಧ ಬೆಟ್ಟವೂ ಆಗಿರಲಿಲ್ಲ, ಬೂಟಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಕಳಚಿ, ಪ್ರತಿ ಹೆಜ್ಜೆಗೂ ನಾಯಿಯ ನಾಲಗೆಯಂತೆ ಜೋತಾಡತೊಡಗಿತು. ಈ ಬೂಟನ್ನು ದಾವಣಗೆರೆಯ ಅಂಗಡಿಯೊಂದರಲ್ಲಿ 4,200 ರೂಪಾಯಿಗೆ ಕೊಂಡಿದ್ದೆ. ‘ಹಿಮಾಲಯಕ್ಕೂ ಆಗುತ್ತದೆ ಸಾರ್’ ಎಂದಿದ್ದ ಅಂಗಡಿಯವರನ್ನು ನಾನು ಆ ಇಳಿಜಾರಿನಲ್ಲಿ ನಿಂತು ಮನಸಾರೆ ಬೈದೆ. ನನ್ನ ಗೆಳೆಯನು ತನ್ನ ಊರಿನ ಮಾನ ಕಾಪಾಡಲು, ಹಿಮಾಲಯವೆಂದರೇ ಹೊರತು ಜ್ವಾಲಾಮುಖಿಯೆಂದು ಅವರು ಹೇಳಲಿಲ್ಲವಲ್ಲ ಎಂದು ವಾದಿಸಿದನು. ಮಾರ್ಗದರ್ಶಿಯು ಯಾರ ಪಕ್ಷವನ್ನೂ ವಹಿಸದೆ, ಜೇಬಿನಿಂದ ತಂತಿಯೊಂದನ್ನು ತೆಗೆದು, ಅಟ್ಟೆಯನ್ನು ಬೂಟಿಗೆ ಸೇರಿಸಿ ಎರಡು ಸುತ್ತು ಬಿಗಿದು, ‘ಎಷ್ಟು ವರ್ಷ ಎತ್ತಿಟ್ಟಿದ್ದಿರಿ?’ ಎಂದು ಕೇಳಿದರು.

ಐದು ವರ್ಷ. ಕೊಂಡ ಮೇಲೆ ಎರಡು ಬಾರಿ ಧರಿಸಿ, ಅವ್ವನಿಗೆ ಕೊಟ್ಟಿದ್ದೆ; ಅವಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳು. ಇಂತಹ ಬೂಟುಗಳ ಅಟ್ಟೆಯ ಮೇಲಿರುವ ಮೆತ್ತನೆಯ ಪದರವನ್ನು ಬಹಳಷ್ಟು ಬಾರಿ ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಮಾಡಿರುತ್ತಾರೆ. ಗಾಳಿಯ ತೇವವು ಅದನ್ನು ಒಳಗಿನಿಂದ ಮೆಲ್ಲನೆ ಒಡೆಯುತ್ತ ಹೋಗುತ್ತದೆ. ಹೊರಗೆ ಹೊಸದರಂತೆ ಹೊಳೆಯುವ ಬೂಟು, ಮೈಭಾರ ಬಿದ್ದ ದಿನ ಹಳೆಯ ರೊಟ್ಟಿಯಂತೆ ಉದುರುತ್ತದೆ. ಚೀಲದೊಳಗೆ ಕಟ್ಟಿಟ್ಟರೆ ತೇವವೂ ಒಳಗೇ ಉಳಿಯುವುದರಿಂದ ಕೇಡು ಇನ್ನೂ ಹೆಚ್ಚು. ಆದ್ದರಿಂದ ಅಂಗಡಿಯವರ ತಪ್ಪೇನೂ ಇಲ್ಲವೆಂದು ಈಗ ಒಪ್ಪುತ್ತೇನೆ. ಆದರೂ 4,200 ರೂಪಾಯಿ ಹೆಚ್ಚೇ. ಮಾರ್ಗದರ್ಶಿಗೆ ಕೊಟ್ಟ ಹಣ ಆ ತಂತಿಯೊಂದಕ್ಕೇ ಸಂದಿತೆಂದು ಭಾವಿಸಿಕೊಂಡಿದ್ದೇನೆ.

ಕ್ಷಮಿಸಿ, ಬೂಟಿನ ಮಾತಿನಲ್ಲಿ ಒಂದು ಗಂಟೆಯ ಏರು ಕಳೆದುಹೋಯಿತು. ರಾಗಿಯ ರಾಶಿಯನ್ನು ಹತ್ತಿದ ಹಾಗೆಯೇ, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಕೈಯೂರಿದರೆ ಹರಳು ಚುಚ್ಚುತ್ತದೆ. ನೆರಳೆಂಬುದು ಎಲ್ಲಿಯೂ ಇಲ್ಲ.

ಇದು ಕುಳಿಯ ಅಂಚು. ಹಳದಿಯಾಗಿ ಕಾಣುತ್ತಿರುವುದು ಗಂಧಕ, ಬಿರುಕುಗಳಿಂದ ಈಗಲೂ ಬಿಸಿ ಹಬೆ ಬರುತ್ತಿದೆ. ಕಳೆದ ನೂರು ವರ್ಷಗಳ 1951, 1995 ಮತ್ತು 2014ರ ಸ್ಫೋಟಗಳು ಈ ಬಾಯಿಂದ ಬಂದವಲ್ಲ, ಕೆಳಗಿನ ಬಯಲಿನಲ್ಲಿ ಬೆಟ್ಟದ ಬುಡ ಒಡೆದು ಬಂದವು. ಅಂದರೆ ನಾವು ಕುಳಿತಿದ್ದ ತುದಿಗಿಂತ ರಾತ್ರಿ ಮಲಗಿದ್ದ ಮನೆಯೇ ಅಪಾಯಕ್ಕೆ ಹತ್ತಿರವಾಗಿತ್ತು. ಗೆಳೆಯನು ದಾವಣಗೆರೆಯಿಂದ ತಂದಿದ್ದ ಖಾರದ ಮಂಡಕ್ಕಿಯ ಪೊಟ್ಟಣವನ್ನು ಇಲ್ಲಿ ಬಿಚ್ಚಿದನು. ಬೆಟ್ಟಕ್ಕೆ ಹೊತ್ತೊಯ್ಯಲು ಇಷ್ಟು ಹಗುರವಾದ ತಿಂಡಿ ಮತ್ತೊಂದಿಲ್ಲವೆಂದು ಅವನು ಹೊಗಳಿಕೊಳ್ಳುತ್ತಿರುವಾಗಲೇ ಬೀಸಿದ ಗಾಳಿಗೆ ಅರ್ಧ ಮಂಡಕ್ಕಿ ಕುಳಿಗೆ ಹಾರಿಹೋದುದನ್ನು ನೀವು ನೋಡಿದಿರಿ. ಉಳಿದುದನ್ನು ಮಾರ್ಗದರ್ಶಿಗೆ ಕೊಟ್ಟೆವು. ಅವರು ತಿಂದು, ನೀರು ಕೇಳಿದರು.

ದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿದಂತಿರುವ ಬಂಡೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಫಲಕವನ್ನು ಓದಿ, ಕಬ್ಬಿನ ಹಾಲು ಕುಡಿದು ಬಂದವನು ನಾನು. ಸುಮಾರು 250 ಕೋಟಿ ವರ್ಷಗಳ ಹಿಂದೆ ಲಾವಾ ನೀರಿನಡಿಯಲ್ಲಿ ಉಕ್ಕಿ, ಹೊರಮೈ ಥಟ್ಟನೆ ತಣ್ಣಗಾಗಿ, ಒಳಗಿನದು ಮತ್ತೆ ಒಡೆದು ಮುಂದಿನ ದಿಂಬಾಗಿ ಹೊರಬಂದು ಆದ ಬಂಡೆಗಳವು. ಅವುಗಳ ಮೇಲೆ ಕೈಯಿಟ್ಟಾಗ ನನಗೆ ಏನೂ ಅನ್ನಿಸಿರಲಿಲ್ಲ. ಇಲ್ಲಿ ಕೂತ ಕಲ್ಲು ಬಿಸಿಯಾಗಿದ್ದುದರಿಂದ ಅದು ನೆನಪಾಯಿತು.

ಇಳಿಯುವ ದೃಶ್ಯ ಚಿಕ್ಕದು, ಏಕೆಂದರೆ ಹತ್ತಲು ನಾಲ್ಕು ಗಂಟೆ ಹಿಡಿದ ಬೆಟ್ಟವನ್ನು ಸಡಿಲ ಬೂದಿಯಲ್ಲಿ ಹಿಮ್ಮಡಿಯೂರಿ ಓಡುತ್ತ ಒಂದು ಗಂಟೆಯೊಳಗೆ ಇಳಿದೆವು. ತಂತಿ ಕೊನೆಯವರೆಗೂ ಬಿಡಲಿಲ್ಲ, ಎಡಗಾಲಿನ ಅಟ್ಟೆ ಮಾತ್ರ ಎಲ್ಲಿಯೋ ಉಳಿದುಹೋಯಿತು.

ಕೊನೆಯ ದೃಶ್ಯ ನಮ್ಮ ಮನೆಯ ಹಿತ್ತಲಿನದು. ಬೂಟನ್ನು ಕೊಡವಿದಾಗ ಒಂದು ಹಿಡಿಯಷ್ಟು ಕಪ್ಪು ಹರಳು ಬಿದ್ದಿತು. ಅದನ್ನು ಸೀಸೆಯಲ್ಲಿ ತುಂಬಿಡಬೇಕೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ, ಒಲೆಯ ಬೂದಿಯೆಂದು ತಿಳಿದು ಅವ್ವ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕಿಬಿಟ್ಟಿದ್ದಳು.