ಪಗಾರ ಕೇಳುವ ಮೊದಲು ಕೇಳಬೇಕಾದದ್ದು
(ಕಲಬುರಗಿಯಲ್ಲಿ ಐಟಿಐ ಮತ್ತು ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ದುಬೈ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಅಲ್ಲಿ ಎಲೆಕ್ಟ್ರಿಕಲ್ ಕೆಲಸದಲ್ಲಿ ಬಹಳ ವರ್ಷ ಇದ್ದು ಬಂದವನು ನಾನು. ಬುರ್ಜ್ ಖಲೀಫಾ ಎಷ್ಟು ಎತ್ತರ ಅನ್ನೋದನ್ನು ನಿಮ್ಮ ಮೊಬೈಲೇ ಹೇಳುತ್ತದೆ, ಅದಕ್ಕೆ ನಾನು ಬೇಕಾಗಿಲ್ಲ.

ನಮ್ಮೂರಲ್ಲಿ ಯಾರೇ ಸಿಕ್ಕರೂ ಮೊದಲು ಕೇಳೋದು ಒಂದೇ. "ಅಣ್ಣಾ, ಪಗಾರ ಎಷ್ಟು ಕೊಡ್ತಾರ್ರೀ?" ತಪ್ಪಿಲ್ಲ, ದುಡ್ಡಿಗೇ ಅಲ್ವಾ ಹೋಗೋದು. ಆದರೆ ಈ ಪ್ರಶ್ನೆಗೆ ಏಜೆಂಟರ ಬಾಯಲ್ಲಿ ಉತ್ತರ ರೆಡಿ ಇರುತ್ತದೆ. ಅವರು ತಡವರಿಸೋದು ಬೇರೆ ಎರಡು ಪ್ರಶ್ನೆಗೆ: ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ ಎಷ್ಟು? ಮಲಗೋಕೆ ಜಾಗ ಯಾರು ಕೊಡ್ತಾರೆ? ಇವತ್ತು ಇವೆರಡನ್ನೇ ಹಿಡಿದು ಮಾತಾಡುತ್ತೇನೆ.

ತಿಂಗಳಿಗೆ 3,000 ದಿರ್ಹಮ್ ಅಂದರು ಅಂತಿಟ್ಟುಕೊಳ್ಳಿ. ಕಾಗದದಲ್ಲಿ ಅದನ್ನು ಎರಡು ಥರ ಬರೆಯಬಹುದು. ಒಬ್ಬನಿಗೆ ಬೇಸಿಕ್ 1,000, ಉಳಿದ 2,000 ಮನೆ, ಊಟ, ಓಡಾಟದ ಭತ್ಯೆ. ಇನ್ನೊಬ್ಬನಿಗೆ ಬೇಸಿಕ್ 2,000, ಭತ್ಯೆ 1,000. ತಿಂಗಳ ಕೊನೆಗೆ ಇಬ್ಬರ ಕೈಗೂ ಬರೋದು ಅಷ್ಟೇ. ಕೆಲಸ ಬಿಡುವ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ಒಂದು ವರ್ಷ ಪೂರ್ತಿ ಮಾಡಿದವರಿಗೆ ಗ್ರಾಚ್ಯುಟಿ ಸಿಗುತ್ತದೆ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲೆ ವರ್ಷಕ್ಕೆ 30 ದಿನದ್ದು. ಭತ್ಯೆ ಈ ಲೆಕ್ಕಕ್ಕೆ ಬರೋದೇ ಇಲ್ಲ. 5 ವರ್ಷಕ್ಕೆ ಮೊದಲನೆಯವನಿಗೆ 3,500 ದಿರ್ಹಮ್, ಎರಡನೆಯವನಿಗೆ 7,000. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಅಂದರೆ ಅದೇ ಬಿಸಿಲಲ್ಲಿ ಅಷ್ಟೇ ತಾಸು ಜಾಸ್ತಿ ದುಡಿದರೂ ಒಬ್ಬನಿಗೆ ಅರ್ಧವೇ ಬರುತ್ತದೆ.

ಇದೆಲ್ಲ ಆಫರ್ ಲೆಟರಿನಲ್ಲಿ ಇರುತ್ತದೆ. ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಅದು ಬರಬೇಕು. ಅರೇಬಿಕ್, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಕೊಡುತ್ತಾರೆ. ಹಿಂದಿ ಇದೆ, ಉರ್ದು ಇದೆ, ಮಲಯಾಳಂ, ತಮಿಳು ಇದೆ. ಕನ್ನಡ ಇಲ್ಲ. ಹಾಗಾಗಿ ಓದಲು ಬರುವವರ ಹತ್ತಿರ ಕೂತು ಸಾಲು ಸಾಲೂ ಓದಿಸಿಕೊಂಡು ಸಹಿ ಮಾಡಿ. ಪ್ರೊಬೇಷನ್ 6 ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ವರ್ಷ ತುಂಬಿದರೆ 30 ದಿನ ಸಂಬಳದ ರಜೆ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು, ಕಂಪನಿ ಅದನ್ನು ಕಿತ್ತಿಟ್ಟುಕೊಳ್ಳುವಂತಿಲ್ಲ.

ಏಜೆಂಟರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟರು ಯಾರು ಅನ್ನೋದು ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ. ಅವರು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ದುಬೈ ಇರುವ ದೇಶ ಯುಎಇ, ಅಲ್ಲಿನ ಕಾನೂನಿನಲ್ಲಿ ಕೆಲಸಕ್ಕೆ ಕರೆಸಿಕೊಳ್ಳುವ ಖರ್ಚು ಪೂರ್ತಿ ಮಾಲೀಕನದೇ. ಆದರೂ ನಮ್ಮ ಕಡೆ ಹೊಲ ಒತ್ತೆ ಇಟ್ಟು ಲಕ್ಷಗಟ್ಟಲೆ ಎಣಿಸಿಕೊಡುವವರು ಇದ್ದಾರೆ. ನನಗೆ ಸಿಟ್ಟು ಬರೋದು ಇಲ್ಲೇ. "ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸ್ತಾರೆ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಯಾದಗಿರಿ ಕಡೆಯ ಒಬ್ಬ ಹುಡುಗ ಹಾಗೇ ಬಂದು ನಮ್ಮ ಸೈಟಿನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ. ಪಗಾರ ಸಿಗಲಿಲ್ಲ. ದೂರು ಕೊಡೋಣ ಅಂದರೆ ಅವನು ಕೆಲಸ ಮಾಡುತ್ತಿದ್ದದ್ದೇ ಕಾನೂನಿಗೆ ವಿರುದ್ಧ. ದಂಡದ ಭಯಕ್ಕೆ ಬಾಯಿ ಬಿಡಲಿಲ್ಲ. ಕೊನೆಗೆ ಊರವರು ಚಂದಾ ಎತ್ತಿ ಟಿಕೆಟ್ ಮಾಡಿಸಿದರು.

ಇನ್ನೊಂದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಅಂತ ಬರುತ್ತದೆ. ಅವರು ಯುಎಇ, ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಪಡೆಯಬೇಕು. ನೀವು ಹತ್ತನೇ ಪಾಸು, ಆ ತಲೆನೋವು ಇಲ್ಲ. ತಮ್ಮನೋ ಮಾವನೋ ಹೊರಟಿದ್ದರೆ ನೆನಪಿರಲಿ. ಆ ಅನುಮತಿ ಜೊತೆಗೇ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆ ಬರುತ್ತದೆ. 2 ವರ್ಷಕ್ಕೆ ಕಂತು 275 ರೂಪಾಯಿ ಅಷ್ಟೇ.

ಈಗ ಮಲಗುವ ಜಾಗ. ಕಂಪನಿ ಕ್ಯಾಂಪ್ ಕೊಟ್ಟರೆ ಸೋನಾಪುರ ಅಥವಾ ಅಲ್ ಕೂಜ್ ಕಡೆ ಇರುತ್ತೀರಿ. ಬಾಡಿಗೆ ಉಳಿಯುತ್ತದೆ, ಬಸ್ ಅವರೇ ಕಳಿಸುತ್ತಾರೆ. ಭತ್ಯೆ ಕೊಟ್ಟು ನೀವೇ ನೋಡಿಕೊಳ್ಳಿ ಅಂದರೆ ನೀವು ಹುಡುಕೋದು ಬೆಡ್ ಸ್ಪೇಸ್. ಹಾಗಂದರೆ ಕೋಣೆ ಕೂಡ ಅಲ್ಲ, ಬರೀ ಮಂಚ. ದೇರಾದಲ್ಲಿ ನಾನು ಇದ್ದ ಕೋಣೆ ಹೇಳುತ್ತೇನೆ. ಮೇಲೊಂದು ಕೆಳಗೊಂದು ಕಬ್ಬಿಣದ ಮಂಚ. ಪ್ರತಿ ಮಂಚಕ್ಕೂ ಸೀರೆ ಹರಿದು ಮಾಡಿದ ಪರದೆ. ತಲೆ ಹತ್ತಿರ ಚಾರ್ಜರ್ ಬೋರ್ಡು, ಕಾಲ ಹತ್ತಿರ ಸೂಟ್‌ಕೇಸ್. ಬಚ್ಚಲ ಬಾಗಿಲ ಮೇಲೆ ಒಂದು ಚೀಟಿ, ಅದರಲ್ಲಿ ಯಾರ ಸ್ನಾನ ಎಷ್ಟು ಗಂಟೆಗೆ ಅಂತ. ಹೊಸಬನಿಗೆ ಸಿಗೋದು ಬೆಳಗಿನ ನಾಲ್ಕು ಗಂಟೆಯ ಪಾಳಿ! ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಿದ್ದರೆ ಉಳಿದವರು ಲೈಟ್ ಹಾಕುವಂತಿಲ್ಲ. ನಿದ್ದೆ ಕೆಟ್ಟವನು ಸೈಟಿನಲ್ಲಿ ವೈರ್ ಮುಟ್ಟಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ ನಾನು ಪಗಾರಕ್ಕಿಂತ ಮೊದಲು ಮಂಚದ ವಿಚಾರ ಕೇಳು ಅನ್ನೋದು.

ಹಲಗೆ ಹೊಡೆದು ಒಂದು ಫ್ಲ್ಯಾಟನ್ನು ಹತ್ತು ಗೂಡು ಮಾಡಿ ಬಾಡಿಗೆ ಕೊಡುವವರ ಮೇಲೆ 2025ರಲ್ಲಿ ದುಬೈ ಮುನ್ಸಿಪಾಲಿಟಿ ಜೋರಾಗಿ ದಾಳಿ ಮಾಡಿತು. ಬಾಡಿಗೆ ಕಟ್ಟಿದ್ದೇನೆ ಅಂದರೂ ಕೇಳುವವರಿಲ್ಲ. ಬಾಡಿಗೆ ಕರಾರು ಇಜಾರಿಯಲ್ಲಿ, ಅಂದರೆ ದುಬೈ ಸರ್ಕಾರದ ಬಾಡಿಗೆ ನೋಂದಣಿ ವ್ಯವಸ್ಥೆಯಲ್ಲಿ ನೋಂದಣಿ ಆಗಿದೆಯಾ, ಯಾರ ಹೆಸರಲ್ಲಿದೆ ಅಂತ ಮುಂಗಡ ಕೊಡುವ ಮೊದಲೇ ಕೇಳಿ. ಮುಂದೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಕಾಲಕ್ಕೆ ಪೂರ್ತಿ ಮನೆ ಹಿಡಿದರೆ ಲೆಕ್ಕವೇ ಬೇರೆ. ಬಾಡಿಗೆ ವರ್ಷಕ್ಕೆ ಮಾತಾಡುತ್ತಾರೆ, ಮುಂದಿನ ತಾರೀಖಿನ ಚೆಕ್ ಮೊದಲೇ ಬರೆದು ಕೊಡಬೇಕು. ಅದರ ಮೇಲೆ ಬಾಡಿಗೆಯ ಶೇ. 5ರಷ್ಟು ಶುಲ್ಕ ಕರೆಂಟ್, ನೀರಿನ ಬಿಲ್ಲಿನಲ್ಲಿ ತಿಂಗಳು ತಿಂಗಳು ಸೇರಿ ಬರುತ್ತದೆ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ ಮಾಡುವವರು ಬಹಳ. ಉಳಿಸಿದ್ದನ್ನೆಲ್ಲ ಟ್ರಾಫಿಕ್ಕಿಗೆ ಕೊಡುತ್ತಾರೆ ಅಂತ ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಬಿಸಿಲಿನ ಬಗ್ಗೆ ನಮ್ಮವರಿಗೆ ಧೈರ್ಯ ಜಾಸ್ತಿ. ಮೇ ತಿಂಗಳ ಕಲಬುರಗಿ ನೋಡಿದವರಿಗೆ ದುಬೈ ಏನು ಮಹಾ ಅಂತ. ಆದರೆ ನಮ್ಮದು ಒಣ ಬಿಸಿಲು, ಅದು ಸಮುದ್ರದ ದಂಡೆ. ಬೆವರು ಆರೋದೇ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ, ಅದು ಕಾನೂನು.

ಭಾಷೆಯಲ್ಲಿ ಮಾತ್ರ ನಾವು ಅದೃಷ್ಟವಂತರು. 1956ರವರೆಗೆ ಹೈದರಾಬಾದ್ ರಾಜ್ಯದ ಜೊತೆಗಿದ್ದ ಊರು ನಮ್ಮದು. ಬಜಾರಿನಲ್ಲಿ ಕೇಳಿ ಕಲಿತ ಉರ್ದು ಸೈಟಿನಲ್ಲಿ ಪಾಕಿಸ್ತಾನದವರ ಜೊತೆಗೂ ನಡೆಯುತ್ತದೆ, ನೇಪಾಳದವರ ಜೊತೆಗೂ ನಡೆಯುತ್ತದೆ. ಬೆಂಗಳೂರಿನಿಂದ ಬಂದವರಿಗಿಂತ ನಮ್ಮ ಹುಡುಗರು ಬೇಗ ಹೊಂದಿಕೊಂಡದ್ದನ್ನು ನೋಡಿದ್ದೇನೆ. ಆದರೆ ಮೇಸ್ತ್ರಿಯಿಂದ ಸೂಪರ್‌ವೈಸರ್ ಆಗಬೇಕಾದರೆ ಸೈಟಿನಲ್ಲಿ ಕೆಲಸ ಶುರು ಮಾಡಲು ಬೇಕಾದ ವರ್ಕ್ ಪರ್ಮಿಟ್, ತಪಾಸಣೆಗೆ ಕರೆಯುವ ಇನ್‌ಸ್ಪೆಕ್ಷನ್ ರಿಕ್ವೆಸ್ಟ್ ಇಂಗ್ಲಿಷಿನಲ್ಲಿ ತುಂಬಲು ಬರಬೇಕು. ಅಲ್ಲಿ ನಮ್ಮವರು ಹಿಂದೆ ಬೀಳುತ್ತಾರೆ.

ಚೀಲ ಕಟ್ಟುವಾಗ ಒಂದು ಮಾತು ಅವ್ವನಿಗೆ ಹೇಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ಬೇಕಾದರೂ ಕಟ್ಟಲಿ. ಗಸಗಸೆ ಮಾತ್ರ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಪಾನ್, ಗುಟ್ಕಾ ಚಟ ಇಲ್ಲೇ ಬಿಟ್ಟು ಹತ್ತಿ. ಮೆಟ್ರೊದಲ್ಲಿ ಒಂದು ಬಿಸ್ಕತ್ತು ತಿಂದರೂ 100 ದಿರ್ಹಮ್ ದಂಡ. ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗೋದಿಲ್ಲ. ಹೊರಡುವ ಮೊದಲೇ ಮನೆಯವರ ಫೋನಿಗೂ ಅಲ್ಲಿ ಕಾಲ್ ಹೋಗುವ ಬೋಟಿಮ್ ಆ್ಯಪ್ ಹಾಕಿಕೊಡಿ. ಇಲ್ಲದಿದ್ದರೆ ಮೊದಲ ವಾರ ಅವ್ವ ಅಳುತ್ತಾ ಕೂರುತ್ತಾಳೆ.

ನನ್ನದು ಇಷ್ಟು. ಯಾರಿಗಾದರೂ ಆಫರ್ ಲೆಟರ್ ಬಂದಿದ್ದರೆ ಮೊಬೈಲಿನಲ್ಲಿ ತೆಗೆದು ಮುಂದೆ ಬನ್ನಿ, ಇಲ್ಲೇ ಕೂತು ಓದೋಣ.