ಮಾವನ ದೋಣಿ, ಮಾವನ ಗಡಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಮ್ಮ ಮಾವನ ವಿಷಯ ಹೇಳುತ್ತೇನೆ. ಅಮ್ಮನ ಅಣ್ಣ. ಪೇಪರಿನಲ್ಲಿ ಹೆಸರು ಬಂದವರಲ್ಲ, ಭಾಷಣ ಮಾಡಿದವರೂ ಅಲ್ಲ. ಆದರೆ ಕುಂದಾಪುರದ ಕಡೆಯ ನಮ್ಮ ಹೊಳೆಬದಿಯಲ್ಲಿ ಅವರ ಕೈಯ ಮೀನುಸಾರು ಉಣ್ಣದವರು ಕಡಿಮೆ.

ನಮ್ಮೂರಿನ ನೀರು ನಿಮಗೆ ಗೊತ್ತಿರಬಹುದು. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳು ಕೂಡಿ ಗಂಗೊಳ್ಳಿಯ ಹತ್ತಿರ ಕಡಲಿಗೆ ಇಳಿಯುತ್ತವೆ. ಪಂಚಗಂಗಾವಳಿ ಅಂತಾರೆ. ನಡುನಡುವೆ ಕುದ್ರುಗಳು, ಅಂದರೆ ಸಣ್ಣ ನಡುಗಡ್ಡೆಗಳು, ಸುತ್ತ ತೆಂಗು. ಮಾವ ಪ್ರಾಯದಲ್ಲಿ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರು ಮಾಡಿ ಅಡುಗೆಯವರಾದರು. ಆ ಕಾಲಕ್ಕೆ ನಮ್ಮ ಕಡೆಯ ಅರ್ಧ ಹುಡುಗರ ಕತೆ ಅದೇ. ಆದರೆ ನೀರು ಬಿಟ್ಟಿರಲು ಅವರಿಂದ ಆಗಲಿಲ್ಲ. ವಾಪಸ್ ಬಂದರು, ಸಣ್ಣದೊಂದು ದೋಣಿ ಮಾಡಿಸಿದರು.

ಮನೆಯ ದಾರಿಯಲ್ಲಿ ಯಾರೇ ಹೋಗಲಿ, "ಹೋಯ್, ಉಂಡ್ಕಂಡೇ ಹೋಪ್ದು ಮಾರಾಯ್ರೆ" ಅಂತ ಜಗಲಿಯಿಂದಲೇ ಕೂಗು. ಲೈನ್‌ಮ್ಯಾನ್, ಪೋಸ್ಟ್‌ಮ್ಯಾನ್, ಸಾಲ ಕೇಳಲು ಬಂದವರು, ಕೊಟ್ಟ ಸಾಲ ಕೇಳಲು ಬಂದವರು, ಎಲ್ಲರಿಗೂ ಎಲೆ. ಒಳಗೆ ಅತ್ತೆಗೆ ಎಷ್ಟು ಕಷ್ಟ ಆಗುತ್ತಿತ್ತೋ ಅಂತ ನೀವು ಕೇಳಬಹುದು. ಅಡುಗೆ ಪೂರ್ತಿ ಮಾವನದೇ. ಪಾತ್ರೆ ಮಾತ್ರ ಅತ್ತೆಯದು. ಆ ಲೆಕ್ಕ ಸರಿ ಅಂತ ಅತ್ತೆ ಯಾವತ್ತೂ ಒಪ್ಪಲಿಲ್ಲ.

ಒಂದು ಸಂಗತಿ ಹೇಳಲೇಬೇಕು. ತೋಟದ ಗಡಿಯ ವಿಷಯಕ್ಕೆ ನಮ್ಮ ಅಪ್ಪಯ್ಯನಿಗೂ ದೊಡ್ಡಪ್ಪನಿಗೂ ಮಾತು ಬಿಟ್ಟುಹೋಗಿತ್ತು. ಮಾವ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದರು. "ಕಾಣೆ ಮೀನು ಸಿಗ್ತದೆ, ಬನ್ನಿ" ಅಂತ. ದೋಣಿ ಹತ್ತಿದ ಮೇಲೆ ಒಬ್ಬರನ್ನೊಬ್ಬರು ನೋಡಿದ್ದು. ಇಳಿಯುವ ಹಾಗಿಲ್ಲ. ನಾನೂ ಇದ್ದೆ, ನೀರು ಮೊಗೆದು ಹಾಕುವ ಕೆಲಸಕ್ಕೆ.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅರ್ಧ ಇಳಿತ ಆಗುವ ಹೊತ್ತಿಗೆ ಮಾವ ದೋಣಿಯನ್ನು ಕುದ್ರುವಿನ ಕೆಸರಿಗೆ ತಾಗಿಸಿದರು. ಸ್ವಲ್ಪ ಹೊತ್ತಿಗೆ ದೋಣಿ ಕೂತುಬಿಟ್ಟಿತು. ಮತ್ತೆ ಭರತ ಬಂದು, ಅಂದರೆ ನೀರು ಏರಿ, ಅದು ತೇಲಬೇಕಾದರೆ ಸುಮಾರು ಆರು ಗಂಟೆ ಬೇಕು. ನೀರಿನ ಲೆಕ್ಕ ಬೆರಳತುದಿಯಲ್ಲಿದ್ದ ಮನುಷ್ಯ ಅವರು. "ಛೆ, ಸಿಕ್ಕಿಬಿದ್ದೆವಲ್ಲ" ಅಂದರು. ಯಾರೂ ನಂಬಲಿಲ್ಲ. ಯಾಕೆಂದರೆ ಮಣ್ಣಿನ ಗಡಿಗೆ, ಅರೆದ ಮಸಾಲೆಯ ಡಬ್ಬಿ, ಕುಚ್ಚಲಕ್ಕಿ ಎಲ್ಲ ದೋಣಿಯಲ್ಲಿ ಮೊದಲೇ ಇತ್ತು!

ಬೀಸುಬಲೆ ಹಾಕಿ ಕಾಣೆ ಹಿಡಿದರು. ಒಣ ಮಡಲು, ಗೆರಟೆ ಸೇರಿಸಿ ಬೆಂಕಿ ಮಾಡಿದರು. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಸ್ವಲ್ಪವೇ ಮೆಂತ್ಯ, ತೆಂಗಿನಕಾಯಿ ಅರೆದ ಮಸಾಲೆ ಹುಣಸೆಹುಳಿಯ ಜೊತೆ ಕುದಿದ ಮೇಲೆಯೇ ಮೀನು ಹಾಕುವುದು. ಹಾಕಿದ ಮೇಲೆ ಸೌಟು ಮುಟ್ಟುವ ಹಾಗಿಲ್ಲ, ಮೀನು ಪುಡಿಯಾಗುತ್ತದೆ. ಬಟ್ಟೆ ಹಿಡಿದು ಗಡಿಗೆಯ ಎರಡೂ ಬದಿ ಎತ್ತಿ ಮೆಲ್ಲಗೆ ತಿರುಗಿಸುತ್ತಿದ್ದರು. ಕೊನೆಗೆ ಒಂದು ಚಮಚ ತೆಂಗಿನೆಣ್ಣೆ.

ಊಟದ ನಡುವೆ ದೊಡ್ಡಪ್ಪ, ಯಾರನ್ನೂ ನೋಡದೆ, "ಉಪ್ಪು ಕಮ್ಮಿ ಅಲ್ವಾ?" ಅಂದರು. ಅಪ್ಪಯ್ಯ, "ಹೌದು, ಸ್ವಲ್ಪ" ಅಂದರು. ಅಷ್ಟೇ ಮಾತು. ಕೇಸು ಆಮೇಲೂ ಸುಮಾರು ಕಾಲ ನಡೆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೋರ್ಟಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಉಪ್ಪು ಕಮ್ಮಿ ಅಂದದ್ದಕ್ಕೆ ಮಾತ್ರ ಮಾವನಿಗೆ ಕೊನೆಯವರೆಗೂ ಬೇಸರ ಇತ್ತು.

ಮಾವ ಹೋದ ಮೇಲೆ ದೋಣಿ ಅವರ ಮಗಳ ಕೈಗೆ ಬಂದಿದೆ. ಅವಳು ಅದಕ್ಕೆ ಮೋಟಾರು ಕೂರಿಸಿದ್ದಾಳೆ. ಮಾವನಿಗೆ ಮೋಟಾರು ಕಂಡರೆ ಆಗುತ್ತಿರಲಿಲ್ಲ. ಆ ಸದ್ದಿಗೆ ಜೊತೆಯಲ್ಲಿದ್ದವರ ಮಾತೇ ಕೇಳುವುದಿಲ್ಲ ಅಂತ. ಅವಳನ್ನು ಕೇಳಿದರೆ, "ಅಪ್ಪ ಇರುವಾಗ ನಮ್ಮ ಮಾತು ಎಲ್ಲಿ ಕೇಳ್ತಿತ್ತು?" ಅನ್ನುತ್ತಾಳೆ.

ನಮಸ್ಕಾರ.